ಗುಲಾಬಿ ಕಟ್ಟಿದ ಕಿವಿ

ನಾನು ಒಂದು ಗೋಣಿಚೀಲ. ಮೂಗು ಮುರಿಯಬೇಡಿ. ನಿಮ್ಮ ಮನೆಯ ಅಕ್ಕಿ, ಈರುಳ್ಳಿ, ಬೆಲ್ಲ ಎಲ್ಲವೂ ಒಂದು ಕಾಲದಲ್ಲಿ ನಮ್ಮವರ ಹೊಟ್ಟೆಯಿಂದಲೇ ಬಂದದ್ದು. ಖಾಲಿಯಾದ ಮೇಲೆ ನಮ್ಮನ್ನು ಬಾಗಿಲಿಗೆ ಹಾಕಿ ಕಾಲು ಒರೆಸಿಕೊಂಡವರೂ ನೀವೇ. ಅದಕ್ಕೆ ನನ್ನ ತಕರಾರಿಲ್ಲ, ಗೋಣಿಯ ಬಾಳೇ ಹಾಗೆ. ಆದರೆ ನನ್ನ ಮೈಮೇಲಿನ ಒಂದು ಕಲೆಗಾಗಿ ದೊಡ್ಡ ದೊಡ್ಡವರು ತಿಂಗಳುಗಟ್ಟಲೆ ಜಗಳವಾಡಿದರು. ಒಬ್ಬ ಹೆಂಗಸಿನ ಮರ್ಯಾದೆ ನನ್ನ ಒಂದು ಮೂಲೆಗೆ ನೇತುಬಿದ್ದಿತ್ತು. ಅದನ್ನು ಹೇಳದೆ ಹರಿದುಹೋಗಲು ನನಗೆ ಮನಸ್ಸಿಲ್ಲ.

ನಾನು ಹುಟ್ಟಿದ್ದು ಬಂಗಾಳದಲ್ಲಿ, ಸಣಬಿನ ಹೊಲದಲ್ಲಿ. ಆಳೆತ್ತರ ಬೆಳೆದ ಮೇಲೆ ಕೊಯ್ದರು, ಕೆರೆಯಲ್ಲಿ ಮುಳುಗಿಸಿ ಕೊಳೆಹಾಕಿದರು, ನಾರು ಸುಲಿದರು. ಮಿಲ್ಲಿನ ಗದ್ದಲದಲ್ಲಿ ನೂಲಾದೆ, ಬಟ್ಟೆಯಾದೆ, ಚೀಲವಾದೆ. ಚೀಲವಾಗುವ ಮೊದಲೇ ನೀರಿನಲ್ಲಿ ನೆಂದ ಜೀವ ನನ್ನದು. ಹಾಗಾಗಿ ನೀರಿನ ರುಚಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೆರೆಯ ನೀರು ಬೇರೆ, ಮಳೆಯ ನೀರು ಬೇರೆ, ಕಡಲಿನದು ಬೇರೆಯೇ.

ಲಾರಿಯಲ್ಲಿ ಕಟ್ಟುಕಟ್ಟಾಗಿ ಬಂದಿಳಿದದ್ದು ಮಂಗಳೂರಿಗೆ. ಕೂಳೂರಿನಿಂದ ಸ್ವಲ್ಪ ಒಳಗೆ, ಕಡಲ ಗಾಳಿ ನೇರ ಬಡಿಯುವ ಗುಡ್ಡೆಯ ಮೇಲೆ ಲಸ್ರಾದೊ ಮನೆತನದ ಕಾಫಿ ಕ್ಯೂರಿಂಗ್ ವರ್ಕ್ಸ್ ಇದೆ. ಅದರ ಒಡತಿ ಸೆವ್ರಿನ್ ಲಸ್ರಾದೊ. ಬಂದರಿನವರಿಗೆ ಸೆವ್ರಿನ್ ಬಾಯಿ, ಕೆಲಸದ ಹೆಂಗಸರಿಗೆ ಬಾಯಮ್ಮ. ಎತ್ತರದ ಆಳು, ಬಿರುಸು ನಡಿಗೆ, ಯಾವಾಗಲೂ ಅಂಗೈಯಲ್ಲಿ ನಾಲ್ಕು ಕಾಫಿ ಬೀಜ. ಮಾತಾಡುವಾಗ ಅವನ್ನು ಹೊರಳಿಸುತ್ತಲೇ ಇರುತ್ತಾರೆ, ಜಪಮಾಲೆಯ ಹಾಗೆ.

ಆ ಮನೆಯ ಕಾಫಿ ಎಲ್ಲರ ಕಾಫಿಯಂತಲ್ಲ. ಬೇರೆಯವರು ಮಳೆಗಾಲದಲ್ಲಿ ಕಾಫಿಗೆ ತೇವ ತಾಗದಂತೆ ಕಾಯುತ್ತಾರೆ. ಇಲ್ಲಿ ಬೇಕೆಂದೇ ಗೋಡೆಯ ಬದಲು ಜಾಲರಿಯಿರುವ ಶೆಡ್ಡಿನಲ್ಲಿ ಹರಡುತ್ತಾರೆ. ಮಳೆಗಾಲದ ಒದ್ದೆ ಗಾಳಿ ಕುಡಿದು ಬೀಜ ಉಬ್ಬುತ್ತದೆ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಹೆಂಗಸರು ಉದ್ದ ಕೋಲಿನ ಗೋರುಮಣೆಯಿಂದ ಅದನ್ನು ಎಳೆದು, ತಿರುವಿ, ಮತ್ತೆ ಎಳೆಯುತ್ತಾರೆ. ಮಳೆ ನಿಂತ ಮೇಲೆ ಹದವಾಗಿ ಒಣಗಿಸಿ ಚೀಲಕ್ಕೆ ತುಂಬುತ್ತಾರೆ. ಕಡಲಾಚೆಯವರು ಇದಕ್ಕಾಗಿ ಕಾದು ಕೂತಿರುತ್ತಾರಂತೆ. ಗಾಳಿಯಿಂದ ಬಂದ ತೇವವೇ ಇದಕ್ಕೆ ಹೆಸರು ತಂದದ್ದು, ಮುಂದೆ ಅದೇ ಇದರ ಕುತ್ತಿಗೆಗೂ ಬಂತು.

ನನಗೆ ಬೀಜ ತುಂಬಿ ಬಾಯಿ ಹೊಲಿದವಳು ಗುಲಾಬಿ. ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ದಬ್ಬಣ. ಹೊಲಿಯಲು ಬೇರೆ ಕಡೆ ಯಂತ್ರ ಬಂದಿದೆ, ಆದರೆ ಯಂತ್ರ ಕಿವಿ ಕಟ್ಟುವುದಿಲ್ಲ. ಚೀಲದ ಎರಡು ಮೂಲೆಗಳಲ್ಲಿ ಒಂದೊಂದು ಹಿಡಿ ಬೀಜ ಉಳಿಸಿ, ಹೊರಗಿನಿಂದ ಹುರಿ ಸುತ್ತಿ ಬಿಗಿದರೆ ಗುಂಡಗೆ ಎರಡು ಹಿಡಿಗಳಾಗುತ್ತವೆ. ಅದೇ ಕಿವಿ. ಕಿವಿ ಇದ್ದರೆ ಹಮಾಲಿ ಕೈಯಲ್ಲಿ ಹಿಡಿದು ಎತ್ತುತ್ತಾನೆ, ಇಲ್ಲದಿದ್ದರೆ ಕಬ್ಬಿಣದ ಕೊಕ್ಕೆ ಚುಚ್ಚಿ ಎಳೆಯುತ್ತಾನೆ. ಚೀಲ ಹರಿಯಬಾರದೆಂದು ಬಾಯಮ್ಮ ಇವತ್ತಿಗೂ ಕೈಯಿಂದಲೇ ಕಟ್ಟಿಸುತ್ತಾರೆ.

ಗುಲಾಬಿ ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದಳು. ಪ್ರಾಣ ಹೋಗುವಷ್ಟು ಬಿಗಿ. ಆಮೇಲೆ ಬೆನ್ನಿಗೆ ಒಂದು ಏಟು ಕೊಟ್ಟಳು. "ಹೋಗು, ಕಿವಿ ಕೊಟ್ಟಿದ್ದೇನೆ. ಹೇಳಿದ್ದು ಸರಿ ಕೇಳು."

ಅವತ್ತಿನಿಂದ ನನಗೆ ಕೇಳಿಸಲು ಶುರುವಾಯಿತು.

ಕಂಟೇನರ್ ಬಂದಾಗ ಸೆವ್ರಿನ್ ಬಾಯಿ ತಾವೇ ಒಳಹೊಕ್ಕು ಬಾಗಿಲು ಮುಚ್ಚಿಸಿಕೊಂಡರು. ಕತ್ತಲೆಯಲ್ಲಿ ನಿಂತು ಎಲ್ಲಾದರೂ ಬೆಳಕು ನುಸುಳುತ್ತದೆಯೇ ಎಂದು ನೋಡುವುದು ಅವರ ಕ್ರಮ. ಬೆಳಕು ಬರುವಲ್ಲಿ ನೀರೂ ಬರುತ್ತದೆ. ಅವತ್ತು ಎಲ್ಲೂ ಬೆಳಕು ಕಾಣಲಿಲ್ಲ. ಬೆವರು ಒರೆಸಿಕೊಂಡು ಹೊರಬಂದು ತುಂಬಲು ಹೇಳಿದರು. ನಾನು ಬಿದ್ದದ್ದು ಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ. ಬಾಗಿಲಂಚಿನ ರಬ್ಬರು ನನ್ನ ನೆತ್ತಿಯ ನೇರಕ್ಕೆ ಒಂದು ಕಡೆ ಸೀಳಿತ್ತು. ಬಾಗಿಲು ಬಿಗಿದು ಕೂತಾಗ ಸೀಳು ಮಡಚಿಕೊಂಡು ಸಭ್ಯಸ್ಥನ ಹಾಗೆ ಇರುತ್ತಿತ್ತು. ಪಾಪ, ಬಾಯಮ್ಮನಿಗೆ ಕಾಣುವುದು ಹೇಗೆ?

ಮೊದಲು ಕಡಲು ಶಾಂತವಾಗಿತ್ತು. ಯುರೋಪಿನ ಹತ್ತಿರ ಹೋದಂತೆ ಹಡಗು ನರಳತೊಡಗಿತು. ಅಲೆ ಎತ್ತಿ ಎಸೆದಾಗ ಕಂಟೇನರಿನ ಮೈ ತಿರುಚಿ, ಬಾಗಿಲು ಕೂದಲೆಳೆಯಷ್ಟು ಸಡಿಲವಾಗಿ ಸೀಳು ಬಾಯಿ ಬಿಟ್ಟಿತು. ಮೊದಲ ಹನಿ ನನ್ನ ಬಲಗಿವಿಯ ಮೇಲೆ ಬಿತ್ತು. ಉಪ್ಪು! ನಾನು ಬೆಚ್ಚಿಬಿದ್ದೆ. ಎರಡನೆಯದು ಬಿತ್ತು, ಆಮೇಲೆ ಧಾರೆ. ಹಿಂದಿನ ಸಾಲಿನವರಿಗೆ ಕೂಗಿ ಹೇಳೋಣವೆಂದರೆ ನನಗಿದ್ದದ್ದು ಕಿವಿ, ಹೊಲಿದ ಬಾಯಿ. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ನಾವು ಎರಡನ್ನೂ ಒಟ್ಟಿಗೇ ಕುಡಿದೆವು. ನನ್ನಿಂದ ಪಕ್ಕದವನಿಗೆ, ಅವನಿಂದ ಕೆಳಗಿನವನಿಗೆ ಇಳಿಯಿತು. ಒಳಗಿನ ಸೆಖೆಗೆ ಆವಿಯಾಗಿ ಮೇಲಿನ ಮಾಡಿನಲ್ಲಿ ಹನಿಗಟ್ಟಿ ಮತ್ತೆ ನಮ್ಮ ಮೇಲೇ ಸುರಿಯಿತು. ಬೂಷ್ಟು ಹಿಡಿಯಿತು. ಗುಲಾಬಿ ತಿರುವಿ ತಿರುವಿ ಚಿನ್ನ ಮಾಡಿದ ಬೀಜ ನನ್ನ ಹೊಟ್ಟೆಯಲ್ಲೇ ಕಪ್ಪಾಗುವುದನ್ನು ತಡೆಯಲು ನನ್ನಿಂದ ಆಗಲಿಲ್ಲ. ಆ ಸಂಕಟ ಈಗಲೂ ಇದೆ.

ಯುರೋಪಿನ ಒಂದು ಥಂಡಿ ಊರಿನ ಬಂದರಿನಲ್ಲಿ ಬಾಗಿಲು ತೆಗೆದವರು ಮೂಗು ಮುಚ್ಚಿಕೊಂಡರು. ಪರೀಕ್ಷೆಗೆ ಬಂದವನು ಒಳಗೆ ಟಾರ್ಚು ಬಿಟ್ಟ, ಮಾಡಿನಲ್ಲಿ ಹನಿ ಕಂಡ. ಸರಕಿನ ಸ್ವಂತ ತೇವ ಬೆವರಿದೆ ಎಂದು ಬರೆದು ಹೊರಟುಹೋದ. ನನ್ನ ಮೈಯಿಂದ ಒಂದು ಹನಿ ಹಿಂಡಿ ನಾಲಿಗೆಗೆ ಹಚ್ಚಿ ನೋಡಿದ್ದರೆ ಸಾಕಿತ್ತು, ಅಷ್ಟು ಪುರಸೊತ್ತು ಅವನಿಗಿರಲಿಲ್ಲ.

ಅಲ್ಲಿಂದ ಜಗಳ ಹತ್ತಿಕೊಂಡಿತು. ಇದನ್ನೆಲ್ಲ ನಾನು ಆಮೇಲೆ ಮಂಗಳೂರಿನಲ್ಲಿ ಕೇಳಿ ತಿಳಿದದ್ದು. ಸರಕು ಖರೀದಿದಾರರ ಗೋದಾಮು ಮುಟ್ಟುವವರೆಗೂ ವಿಮೆ ಸೆವ್ರಿನ್ ಬಾಯಿಯದು. ಕಡಲು ಮಾಡಿದ ಹಾನಿಯನ್ನು ವಿಮಾ ಕಂಪನಿ ತುಂಬಿಕೊಡಬೇಕು. ಸರಕು ತನ್ನ ಗುಣದಿಂದ ತಾನೇ ಕೆಟ್ಟರೆ ಕೊಡಬೇಕಾಗಿಲ್ಲ. ಕಂಪನಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿತು: ನಿಮ್ಮ ಕಾಫಿಗೆ ತೇವ ಕುಡಿಸುವವರು ನೀವೇ ಅಲ್ಲವೇ, ಸರಿಯಾಗಿ ಒಣಗಿಸದೆ ಕಟ್ಟಿದ್ದೀರಿ, ದಾರಿಯಲ್ಲಿ ಬೆವರಿದೆ.

ಹಣಕ್ಕಿಂತ ಹೆಚ್ಚಾಗಿ ಆ ಮಾತು ಬಾಯಮ್ಮನನ್ನು ಸುಟ್ಟಿತು. ಲಸ್ರಾದೊ ಮನೆಯವರು ಒದ್ದೆ ಕಾಫಿ ಕಟ್ಟುತ್ತಾರೆ ಎಂಬ ಸುದ್ದಿ ಖರೀದಿದಾರರ ನಡುವೆ ಹಬ್ಬಿತು. ಈ ಮಾತು ಗಟ್ಟಿಯಾದರೆ ಅವರ ಕಾಫಿಯನ್ನು ಯಾರೂ ಕೊಳ್ಳುವುದಿಲ್ಲ, ಯಾರೂ ವಿಮೆ ಮಾಡುವುದಿಲ್ಲ. ಬರುವ ಮಳೆಗಾಲಕ್ಕೆ ಶೆಡ್ಡು ತೆರೆಯುವುದಿಲ್ಲ. ಗುಲಾಬಿಯೂ ಅವಳ ಜೊತೆಯ ಹೆಂಗಸರೂ ಗೋರುಮಣೆ ಮೂಲೆಗಿಟ್ಟು ಬೇರೆ ಕೆಲಸ ಹುಡುಕಬೇಕು.

ಬಾಯಮ್ಮ ಬಿಡಲಿಲ್ಲ. ಫೋನಿನ ಮೇಲೆ ಫೋನು ಮಾಡಿ, ಬಾಗಿಲ ಬದಿಯ ಚೀಲ ಒಂದಾದರೂ ಇದ್ದರೆ ಕಳಿಸಿ ಎಂದು ಅಂಗಲಾಚಿದರು. ಅಷ್ಟರಲ್ಲಿ ಹಾಳಾದ ಕಾಫಿಯನ್ನೆಲ್ಲ ಚೀಲದ ಸಮೇತ ಸುಟ್ಟಾಗಿತ್ತು. ನಾನೊಬ್ಬ ಮಾತ್ರ ಉಳಿದಿದ್ದೆ. ಗೋದಾಮಿನವನು ನನ್ನ ಬಾಯಿ ಸೀಳಿ, ಬೀಜ ಸುರಿದು, ಒಣಗಿದ ಮೇಲೆ ತನ್ನ ಕುರ್ಚಿಗೆ ಹಾಸಿಕೊಂಡಿದ್ದ. ಗುಲಾಬಿಯ ಗಂಟು ಬಿಚ್ಚಲು ಅವನಿಗೂ ಆಗಿರಲಿಲ್ಲ, ಕಿವಿಗಳೆರಡೂ ಹಾಗೇ ಇದ್ದವು. ಎದ್ದು ನಿಂತು ನನ್ನನ್ನು ಮಡಚಿ ಲಕೋಟೆಗೆ ಹಾಕಿದ. ಒಳ್ಳೆಯವನು.

ನಾನು ಕೂಳೂರಿಗೆ ಮರಳಿದ್ದು ಒಂದು ಶನಿವಾರ. ಸೆವ್ರಿನ್ ಬಾಯಿ ತಂಗಿಯ ಮಗಳ ರೋಸಿಗೆ, ಎಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ ಹೋಗಿದ್ದರು. ಹೋಗುವಾಗ ಗುಲಾಬಿಗೆ ಇಷ್ಟೇ ಹೇಳಿದ್ದರು: ಒಂದು ಗೋಣಿ ಬರ್ತದೆ, ಜಾಗ್ರತೆ ಇಡು, ಸೋಮವಾರ ವಿಮೆಯ ಸರ್ವೇಯರ್ ನೋಡ್ಲಿಕ್ಕೆ ಬರ್ತಾರೆ. ಏಕೆ, ಏನು ಎಂದು ಬಿಡಿಸಿ ಹೇಳುವ ವ್ಯವಧಾನ ಇರಲಿಲ್ಲ.

ಗುಲಾಬಿ ಲಕೋಟೆ ಒಡೆದಳು. ಬೂಷ್ಟಿನ ನಾತ ಗಪ್ಪನೆ ಹೊಡೆಯಿತು. ಅವಳು ನನ್ನ ಕಿವಿ ಮುಟ್ಟಿ ನೋಡಿ ತನ್ನ ಗಂಟಿನ ಗುರುತು ಹಿಡಿದಳು. ಕಣ್ಣಲ್ಲಿ ನೀರು ಬಂತು.

"ಅಯ್ಯೋ, ನಾನು ಕಟ್ಟಿದ್ದು ಇದು! ಎಂತ ಗತಿ ಮಾಡಿದ್ದಾರೆ ಮಾರಾಯ್ರೆ!" ಎಂದವಳು ಒಂದು ಕ್ಷಣ ಯೋಚಿಸಿದಳು. "ಸೋಮವಾರ ನೋಡ್ಲಿಕ್ಕೆ ಬರುವುದಂತೆ. ಹೀಗಾ ತೋರಿಸುವುದು? ನಮ್ಮ ಬಾಯಮ್ಮನ ಮರ್ಯಾದೆ ಎಂತ ಆಗ್ಬೇಕು?"

ಬೇಡ ಗುಲಾಬಿ, ಬೇಡ!

ಬಾವಿಕಟ್ಟೆಯ ಕಲ್ಲಿನ ಮೇಲೆ ನನ್ನನ್ನು ಹರಡಿ, ಸೋಪಿನ ಪುಡಿ ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿದಳು. ಕೊಡಪಾನದಿಂದ ನೀರು ಹೊಯ್ದು ಮತ್ತೆ ತಿಕ್ಕಿದಳು. ಹೊರಗಿನಿಂದ ಬಂದ ಚೀಲವನ್ನು ತೊಳೆದು ಒಣಗಿಸದೆ ಒಳಗೆ ಸೇರಿಸುವುದು ಆ ಮನೆಯ ಕ್ರಮವೇ ಅಲ್ಲ, ಅವಳದ್ದೇನು ತಪ್ಪು? ಕಡಲು ನನ್ನ ಮೈಯಲ್ಲಿ ಬಿಟ್ಟುಹೋದ ಉಪ್ಪು, ಬಾಯಮ್ಮನ ಒಂದೇ ಒಂದು ಸಾಕ್ಷಿ, ನೊರೆಯ ಜೊತೆ ಚರಂಡಿಗೆ ಇಳಿಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಗುಲಾಬಿ ಹಾಡು ಗುನುಗುತ್ತ ನನ್ನನ್ನು ಹಗ್ಗಕ್ಕೆ ಹಾಕಿದಳು.

ಭಾನುವಾರ ಸೆವ್ರಿನ್ ಬಾಯಿ ಇಗರ್ಜಿಯ ಪ್ರಾರ್ಥನೆ ಮುಗಿಸಿ ನೇರ ಬಂದರು. ಬಿಸಿಲಿನಲ್ಲಿ ಬೆಳ್ಳಗೆ ತೂಗಾಡುತ್ತಿದ್ದ ನನ್ನನ್ನು ಕಂಡು ಮೆಟ್ಟಿಲಲ್ಲೇ ನಿಂತರು.

"ಬಾಯಮ್ಮ, ನೋಡಿ, ಎಷ್ಟು ಚಂದ ಮಾಡಿದ್ದೇನೆ!"

"ತೊಳೆದದ್ದಾ?"

"ಎರಡೆರಡು ಸಲ."

ಬಾಯಮ್ಮನ ಕೈಯಲ್ಲಿದ್ದ ಬೀಜಗಳು ಕೆಳಗೆ ಬಿದ್ದವು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತು, ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. ಸರ್ವೇಯರ್ ಒಂದು ಮದ್ದು ತರುತ್ತಾರೆ. ಚೀಲದಲ್ಲಿ ಕಡಲಿನ ಉಪ್ಪಿದ್ದರೆ ಅದು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬೆಳ್ಳಗಾಗದಿದ್ದರೆ ನಾವು ಒದ್ದೆ ಕಾಫಿ ಕಟ್ಟಿದ್ದು ಅಂತ ಆಗ್ತದೆ. "ನಿನಗೆ ಮೊದಲೇ ಹೇಳ್ಬೇಕಿತ್ತು ನಾನು. ತಪ್ಪು ನಂದೇ."

ಗುಲಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಗೇಟು ದಾಟಿ ಓಡಿದಳು. ಬಹಳ ಹೊತ್ತಿನ ಮೇಲೆ ರಿಕ್ಷಾದಿಂದ ಇಳಿದಾಗ ಸೊಂಟದಲ್ಲಿ ತುಂಬಿದ ಕೊಡಪಾನವಿತ್ತು. ದಾರಿಯುದ್ದಕ್ಕೂ ತುಳುಕಿ ಅವಳ ಸೀರೆ ಒದ್ದೆಯಾಗಿತ್ತು.

"ಪಣಂಬೂರಿನ ಕಡ್ಲಿನ ನೀರು ಬಾಯಮ್ಮ. ಅದ್ದಿ ಒಣಗಿಸಿದರೆ ಮುಗೀತು. ಸುಳ್ಳು ಎಂತದು ಇದರಲ್ಲಿ? ಇದ್ದ ಉಪ್ಪನ್ನೇ ಅಲ್ವಾ ವಾಪಸ್ ಹಾಕುವುದು?"

ನನ್ನನ್ನು ಹಗ್ಗದಿಂದ ತೆಗೆದು ನೆಲಕ್ಕೆ ಹಾಸಿದಳು. ಸೆವ್ರಿನ್ ಬಾಯಿ ಎದ್ದು ಬಂದರು. ಸುತ್ತ ಯಾರೂ ಇರಲಿಲ್ಲ. ಕೊಡಪಾನದ ಕಂಠ ಹಿಡಿದು ಬಾಗಿಸಿದರು. ನೀರು ಅಂಚಿಗೆ ಬಂದು ನಿಂತಿತು. ಅವರ ಹಿಂದೆ ಖಾಲಿ ಶೆಡ್ಡು ಕಾಣುತ್ತಿತ್ತು, ಅವರಪ್ಪ ಕಟ್ಟಿಸಿದ್ದು. ಸುರಿಯಲಿ ಎಂದು ನನಗೂ ಅನಿಸಿತು. ನಾನು ಕುಡಿದ ನೀರೇ ತಾನೇ? ನಡೆದದ್ದು ಅದೇ ತಾನೇ? ಬೇಗ ಸುರಿದುಬಿಡಿ ಬಾಯಮ್ಮ!

ಅವರು ಕೊಡಪಾನವನ್ನು ನೆಟ್ಟಗೆ ನಿಲ್ಲಿಸಿದರು.

"ಬೇಡ. ನಾನು ಒದ್ದೆ ಮಾಡಿ ಕಳಿಸ್ಲಿಲ್ಲ ಅಂತ ಇಷ್ಟು ದಿನ ಬೊಬ್ಬೆ ಹೊಡೆದದ್ದು. ಈಗ ನಾನೇ ಒದ್ದೆ ಮಾಡಿದ್ರೆ, ಅವರು ಹೇಳಿದ್ದೇ ನಿಜ ಆಯ್ತಲ್ಲ ಗುಲಾಬಿ."

ಗುಲಾಬಿ ಕಡಲ ನೀರನ್ನು ತೆಂಗಿನ ಬುಡಕ್ಕೆ ಸುರಿದಳು. ಉಪ್ಪು ತೆಂಗಿಗೆ ಒಳ್ಳೆಯದಂತೆ. ನಮಗಂತೂ ಒಳ್ಳೆಯದು ಏನೂ ಕಾಣುತ್ತಿರಲಿಲ್ಲ.

ಸೋಮವಾರ ಬಂದವರು ಮಾಧವ ಬಾಳಿಗರು, ಕಂಪನಿ ನೇಮಿಸಿದ ಸರ್ವೇಯರ್. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಇಸ್ತ್ರಿ ಮಾಡಿದಂಥದೇ ಮುಖ. ಸೆವ್ರಿನ್ ಬಾಯಿ ಕೊಂಕಣಿಯಲ್ಲಿ ನಮಸ್ಕಾರ ಹೇಳಿದರು. ಬಾಳಿಗರ ಮನೆಮಾತೂ ಕೊಂಕಣಿಯೇ. ಆದರೆ ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. ಕೆಲಸದ ದಿನ ಸಲುಗೆ ಬೇಡ ಎಂದು. ಚಾ ಕೂಡ ಮುಟ್ಟಲಿಲ್ಲ.

"ಮೊದಲೇ ಒಂದು ಮಾತು ಹೇಳ್ಬೇಕು ಬಾಳಿಗರೇ," ಎಂದರು ಬಾಯಮ್ಮ. "ಗೋಣಿ ತೊಳೆದು ಹೋಗಿದೆ. ಸೋಪು ಹಾಕಿ."

ಬಾಳಿಗರು ಕನ್ನಡಕ ತೆಗೆದು ನೋಡಿದರು. "ಸಾಕ್ಷಿಗೆ ಸ್ನಾನ ಮಾಡಿಸಿದ್ದಾ? ನನ್ನ ಸರ್ವೀಸಿನಲ್ಲೇ ಇದು ಮೊದಲು."

"ನಾನು ಸಾರ್ ತೊಳೆದದ್ದು. ನೀವು ಬರುವುದು ಅಂತ ಚಂದ ಕಾಣ್ಲಿ ಅಂತ," ಎಂದು ಗುಲಾಬಿ ಮೂಲೆಯಿಂದ ಹೇಳಿದಳು. ಬಾಳಿಗರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಆದರೂ ಕ್ರಮ ಕ್ರಮವೇ. ನನ್ನ ಎದೆಯಿಂದ ಸ್ವಲ್ಪ ಬಟ್ಟೆ ಕತ್ತರಿಸಿ, ತಾವೇ ತಂದ ಶುದ್ಧ ನೀರಿನಲ್ಲಿ ನೆನೆಹಾಕಿ, ಗಾಜಿನ ನಳಿಗೆಗೆ ಬಸಿದರು. ಕಪ್ಪು ಬಾಟಲಿಯಿಂದ ಒಂದು ಹನಿ ಬಿಟ್ಟರು. ಮೂವರೂ ಬಗ್ಗಿ ನೋಡಿದರು. ನೀರು ತಿಳಿಯಾಗಿಯೇ ಇತ್ತು. ಇನ್ನೊಂದು ಹನಿ ಬಿಟ್ಟರು. ಮತ್ತೂ ತಿಳಿ. ನಳಿಗೆಯ ಮೂಲಕ ಬಾಯಮ್ಮನ ಮುಖ ಕಾಣುವಷ್ಟು ತಿಳಿ.

"ತೊಳೆದದ್ದನ್ನು ತೊಳೆದದ್ದು ಅಂತ ಬರೀತೇನೆ. ಉಪ್ಪು ಇಲ್ಲದ್ದನ್ನು ಇಲ್ಲ ಅಂತ ಬರೀತೇನೆ. ಬೇರೆ ದಾರಿ ಇಲ್ಲ ನನಗೆ." ಬಾಳಿಗರು ಪೆಟ್ಟಿಗೆ ಮುಚ್ಚಿದರು.

ಸೆವ್ರಿನ್ ಬಾಯಿ ತಲೆಯಾಡಿಸಿದರು. ಗುಲಾಬಿ ಕಂಬಕ್ಕೆ ಒರಗಿ ಬಿಕ್ಕುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾನು ಮೇಜಿನ ಮೇಲೆ ಬಿದ್ದುಕೊಂಡು, ನನಗಾದರೂ ಒಂದು ನಾಲಿಗೆ ಇರಬಾರದಿತ್ತೇ ಎಂದು ಮರುಗುತ್ತಿದ್ದೆ.

ಬಾಳಿಗರು ಅಚ್ಚುಕಟ್ಟಿನ ಮನುಷ್ಯ. ಹೋಗುವ ಮೊದಲು ನನ್ನನ್ನು ಇದ್ದಲ್ಲಿಗೇ ಇಡೋಣವೆಂದು ಎತ್ತಿಕೊಂಡರು. ಗೋಣಿಯನ್ನು ಯಾರೇ ಎತ್ತಲಿ, ಕೈ ತಾನಾಗಿ ಕಿವಿಗೆ ಹೋಗುತ್ತದೆ. ಹೋಯಿತು. ಬೆರಳುಗಳು ಅಲ್ಲೇ ನಿಂತವು.

"ಇದರೊಳಗೆ ಎಂತ ಉಂಟು?"

"ಕಿವಿ ಸಾರ್ ಅದು. ಬೀಜ," ಎಂದಳು ಗುಲಾಬಿ ಮೂಗು ಒರೆಸುತ್ತ.

"ಯಾವ ಬೀಜ? ಈಗ ತುಂಬಿಸಿದ್ದಾ?"

"ಈಗ ಎಲ್ಲಿ? ಹಡಗಿಗೆ ಹೋಗುವಾಗ ಕಟ್ಟಿದ್ದು. ನಾನು ಕಟ್ಟಿದರೆ ಬಿಚ್ಚಲಿಕ್ಕೆ ಆಗುವುದಿಲ್ಲ ಸಾರ್, ಕತ್ತರಿಯೇ ಬೇಕು."

ಬಾಳಿಗರು ನನ್ನನ್ನು ಕಿಟಕಿಯ ಬೆಳಕಿಗೆ ಒಯ್ದು ಗಂಟನ್ನು ಭೂತಕನ್ನಡಿಯಲ್ಲಿ ನೋಡಿದರು. ಹುರಿಯ ಸುತ್ತುಗಳ ನಡುವೆ ಹಳೆಯ ಬೂಷ್ಟು ಗಟ್ಟಿಯಾಗಿ ಕೂತಿತ್ತು. ಗಂಟು ಬಿಚ್ಚಿ ಮತ್ತೆ ಕಟ್ಟಿದ್ದರೆ ಅದು ಹಾಗಿರುತ್ತಿರಲಿಲ್ಲ. ಪೆಟ್ಟಿಗೆಯನ್ನು ಮತ್ತೆ ತೆರೆದರು. ಬಲಗಿವಿಯ ಹುರಿ ಕತ್ತರಿಸಿದಾಗ ಕಪ್ಪಗೆ ಉಂಡೆಗಟ್ಟಿದ ಬೀಜ ಮೇಜಿನ ಮೇಲೆ ಬಿತ್ತು. ಕಡಲಿನ ಮೊದಲ ಹನಿ ಬಿದ್ದ ಜಾಗ ಅದೇ. ಗುಲಾಬಿಯ ಸೋಪು ನೀರು ಅಲ್ಲಿಗೂ ಒಂದಿಷ್ಟು ಇಳಿದಿತ್ತು. ಎಲ್ಲವನ್ನೂ ತೊಳೆದುಬಿಟ್ಟಿದ್ದರೆ?

ನೆನೆಹಾಕಿದರು. ಬಸಿದರು. ಹನಿ ಬಿತ್ತು.

ನೀರಿನೊಳಗೆ ಒಂದು ಬಿಳಿ ಎಳೆ ಬಿಚ್ಚಿಕೊಂಡಿತು. ಇನ್ನೊಂದು ಹನಿಗೆ ನಳಿಗೆಯೆಲ್ಲ ನೀರು ಮಜ್ಜಿಗೆಯಂತಾಯಿತು.

ಬಾಳಿಗರು ಕುಣಿದಾಡುವವರಲ್ಲ. ಬಾವಿಯ ನೀರು ತರಿಸಿ ಅದಕ್ಕೂ ಹನಿ ಬಿಟ್ಟರು. ಬೆಳ್ಳಗಾಗಲಿಲ್ಲ. ಗೋದಾಮಿನ ಬೇರೆ ಚೀಲದಿಂದ ಬೀಜ ತೆಗೆದು ನೋಡಿದರು. ಅದೂ ಆಗಲಿಲ್ಲ. ಆಮೇಲೆ ಕುರ್ಚಿ ಎಳೆದು ಕೂತು, ಸೆವ್ರಿನ್ ಬಾಯಿಯ ಕಡೆ ತಿರುಗಿ, ಅಂದು ಮೊದಲ ಬಾರಿಗೆ ಕೊಂಕಣಿಯಲ್ಲಿ ಏನೋ ಹೇಳಿದರು. ನನಗೆ ಆ ಭಾಷೆ ಬರುವುದಿಲ್ಲ. ಬಾಯಮ್ಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಆರಿದ ಚಾ ಕುಡಿಯುತ್ತ ಬಾಳಿಗರು ಗುಲಾಬಿಗೆ ಹೇಳಿದರು: "ನೀವು ಇದನ್ನು ಉಪ್ಪು ನೀರಿಗೆ ಅದ್ದಿದ್ರೆ ಬಟ್ಟೆ ನೆನೆಸಿದ ನೀರೂ ಬೆಳ್ಳಗಾಗ್ತಿತ್ತು, ಸೋಪಿನ ವಾಸನೆಯೂ ಬರ್ತಿತ್ತು. ನಾನು ಮೋಸ ಅಂತ ಒಂದೇ ಮಾತು ಬರೆದು ಎದ್ದು ಹೋಗ್ತಿದ್ದೆ. ಈ ಕಿವಿಯನ್ನು ಕಣ್ಣೆತ್ತಿಯೂ ನೋಡ್ತಿರ್ಲಿಲ್ಲ."

ಗುಲಾಬಿ ತೆಂಗಿನ ಬುಡದಲ್ಲಿ ಉರುಳಿದ್ದ ಕೊಡಪಾನವನ್ನು ನೋಡಿದಳು. ಬಾಯಮ್ಮ ಗುಲಾಬಿಯನ್ನು ನೋಡಿದರು.

ಕಂಪನಿಯ ಮೇಲಿನವರಿಗೆ ತೋರಿಸಲು ಎಡಗಿವಿ ಬೇಕಿತ್ತು. ಬಾಳಿಗರು ಅದನ್ನು ಗಂಟಿನ ಸಮೇತ, ಬಟ್ಟೆಯ ಸಮೇತ ಕತ್ತರಿಸಿ, ಅರಗಿನ ಮುದ್ರೆ ಹಾಕಿ ಒಯ್ದರು.

ಅಲ್ಲಿಗೆ ನನ್ನ ಎರಡೂ ಕಿವಿ ಹೋದವು. ಮುಂದಿನದು ಕೇಳಿ ಹೇಳುವುದಲ್ಲ, ಕಂಡು ಹೇಳುವುದು. ನನ್ನನ್ನು ಕಚೇರಿಯ ಮೂಲೆಯ ಗೂಟಕ್ಕೆ ನೇತುಹಾಕಿದರು. ಬಾಯಮ್ಮ ಫೋನು ಹಿಡಿದು ತುಟಿಯಾಡಿಸುವುದು ಕಾಣುತ್ತಿತ್ತು. ಒಮ್ಮೆ ಮೇಜು ಗುದ್ದಿದರು. ಒಮ್ಮೆ ಹಣೆ ಹಿಡಿದು ಕೂತರು. ಕಂಪನಿ ಒಪ್ಪಿತೇ, ಮತ್ತೇನಾದರೂ ಕೊಕ್ಕೆ ಹಾಕಿತೇ, ನನಗೆ ತಿಳಿಯದು. ಸೆಖೆ ಏರಿತು. ಕಡಲ ಕಡೆ ಮೋಡ ಕಟ್ಟತೊಡಗಿತು. ಶೆಡ್ಡಿನ ಬೀಗ ಹಾಗೇ ಇತ್ತು. ಕಿವುಡಾಗಿ ಕಾಯುವುದಕ್ಕಿಂತ ಆ ಕಡಲೇ ಮೇಲು ಎನಿಸಿತು.

ಒಂದು ಮಧ್ಯಾಹ್ನ ಬಾಯಮ್ಮ ಫೋನು ಕೆಳಗಿಟ್ಟು ಎದ್ದು ನಿಂತರು. ಗುಲಾಬಿ ಒಳಗೆ ಬಂದಳು. ಬಾಯಮ್ಮನ ತುಟಿಗಳು ಆಡಿದವು. ಗುಲಾಬಿ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಅವಳ ಭುಜ ಕುಲುಕುತ್ತಿತ್ತು. ಅಳುವೋ ನಗುವೋ? ಹೇಳಿ ಯಾರಾದರೂ!

ಬಾಯಮ್ಮ ನನ್ನನ್ನು ಗೂಟದಿಂದ ತೆಗೆದು ಗುಲಾಬಿಯ ಮಡಿಲಿಗೆ ಹಾಕಿದರು. ತಮ್ಮ ಅಂಗೈಯ ಬೀಜಗಳನ್ನು ನನ್ನ ಬಲಮೂಲೆಯಲ್ಲಿಟ್ಟರು. ಗುಲಾಬಿ ಕಣ್ಣೊರೆಸಿ, ಹುರಿಯನ್ನು ಹಲ್ಲಿನಲ್ಲಿ ಕಚ್ಚಿ, ಮೊದಲಿನಂತೆಯೇ ಪ್ರಾಣ ಹೋಗುವಷ್ಟು ಬಿಗಿದಳು.

ಈಗ ನನಗೆ ವಯಸ್ಸಾಗಿದೆ. ಎದೆಯಲ್ಲಿ ಬಾಳಿಗರು ಮಾಡಿದ ತೂತು, ಎಡಮೂಲೆಯಿಲ್ಲ, ನಾರು ಸಡಿಲ. ಶೆಡ್ಡಿನ ಬಾಗಿಲಲ್ಲಿ ಕಾಲೊರೆಸಾಗಿ ಬಿದ್ದಿದ್ದೇನೆ. ಕೆಸರು ಮೆತ್ತಿ ನಾನು ಗೋಣಿಯೆಂದೇ ಗುರುತು ಸಿಗದಾಗ ಬಾಯಮ್ಮ, "ಅದನ್ನು ಒಮ್ಮೆ ತೊಳೀಬಾರದಾ ಗುಲಾಬಿ?" ಎನ್ನುತ್ತಾರೆ. "ಅದನ್ನು ನಾನು ಮುಟ್ಟುವುದಿಲ್ಲ ಬಾಯಮ್ಮ, ನೀವು ಬೇಕಾದರೆ ತೊಳೀರಿ," ಎನ್ನುತ್ತಾಳೆ ಅವಳು. ಇಬ್ಬರೂ ನಗುತ್ತಾರೆ.

ಅವತ್ತು ಗುಲಾಬಿ ಗಂಟು ಬಿಗಿದು ಮುಗಿಸಿದಾಗ, ಹೊಸ ಕಿವಿಗೆ ಮೊದಲು ಬಿದ್ದದ್ದು ಹೆಂಚಿನ ಮೇಲೆ ಮಳೆಯ ಸದ್ದು. ಅದರ ಹಿಂದೆಯೇ ಶೆಡ್ಡಿನ ಬೀಗ ತೆಗೆದ ಸದ್ದು. ಆಮೇಲೆ ನೆಲದ ಮೇಲೆ ಗೋರುಮಣೆ ಎಳೆದ ಸದ್ದು ಕೇಳಿಸಿತು.